ಲೋಲೆ ಹಾರ

ಏಪ್ರಿಲ್ 2, ಮಂಗಳವಾರ

ಹೆಂಡತಿ ಸೆಲುವನ್ನು ಆಸ್ಪತ್ರೆಯಿಂದ ಮನೆಗೆ ಕರೆತಂದು ವಾರವಾಯಿತು. ಮನೆಯಲ್ಲಿ ಫ್ರಿಜ್ಜು ಗುರುಗುಟ್ಟುವುದು ಬಿಟ್ಟರೆ ಬೇರೆ ಸದ್ದಿಲ್ಲ. ಮಾತಾಡಲು ಯಾರೂ ಇಲ್ಲವಲ್ಲ ಎಂದು ಬರೆಯಲು ಕೂತಿದ್ದೇನೆ. ಅವಳು ಎದುರಿನ ಕುರ್ಚಿಯಲ್ಲೇ ಇದ್ದಾಳೆ, ನಿಜ. ಆದರೆ ಲಕ್ವ ಹೊಡೆದ ಮೇಲೆ ಅವಳ ಬಾಯಿಂದ ಬರುವುದು ಒಂದೇ ಪದ. ಲೋಲೆ. ನೀರಿಗೂ ಲೋಲೆ, ನೋವಿಗೂ ಲೋಲೆ, ಯಾರಾದರೂ ಬಂದರೂ ಲೋಲೆ, ಹೋದರೂ ಲೋಲೆ. ಜಗತ್ತಿನಲ್ಲಿ ಇಷ್ಟೊಂದು ಪದಗಳಿರುವಾಗ ದೇವರು ಅವಳಿಗೆ ಉಳಿಸಿಕೊಟ್ಟದ್ದು ನಮ್ಮ ಭಾಷೆಯಲ್ಲಿ ಮಿಠಾಯಿಗಿರುವ ಹೆಸರನ್ನು.

ಯಾಕೆ ಅಂತ ಕೇಳಿದರೆ ಡಾಕ್ಟರಿಗೂ ಗೊತ್ತಿಲ್ಲ. ನನಗೊಂದು ಊಹೆಯಿದೆ. ನಾವು ವಲಸೆ ಬಂದ ಈ ಮಾಂಗೆರೆಯಲ್ಲಿ ಯಾವ ಟೊಂಗಾದವರ ಮಗ ಯಾವ ಪರೀಕ್ಷೆ ಪಾಸಾದರೂ ಅವನ ಕೊರಳಿಗೆ ಬೀಳುತ್ತಿದ್ದದ್ದು ಇವಳು ಮಿಠಾಯಿ ಸುತ್ತಿ ಕಟ್ಟಿದ ಲೋಲೆ ಹಾರ. ಜೀವಮಾನದಲ್ಲಿ ಅತಿ ಹೆಚ್ಚು ಸಲ ಆಡಿದ ಪದ ಅದೇ ಇರಬೇಕು. ತಲೆಯಲ್ಲಿ ಅದೊಂದೇ ಗಟ್ಟಿಯಾಗಿ ಕೂತುಬಿಟ್ಟಿತು.

ತಲೆಯಾಡಿಸುವುದನ್ನು ನಂಬೋಣ ಅಂದರೆ ಅದೂ ಉಲ್ಟಾ. ಹೌದು ಅನ್ನಬೇಕಾದ ಕಡೆ ಇಲ್ಲ ಎಂದು ಆಡಿಸುತ್ತಾಳೆ. ಮಾತಿನ ಚಿಕಿತ್ಸೆಯ ಹುಡುಗಿ ಹೇಳಿದ್ದಾಳೆ, ಅದೂ ಕಾಯಿಲೆಯ ಭಾಗವಂತೆ. ಒಳಗೆ ಎಲ್ಲವೂ ಅರ್ಥವಾಗುತ್ತದಂತೆ, ಹೊರಗೆ ದಾರಿ ಸಿಗುತ್ತಿಲ್ಲವಂತೆ.

ಸಂಜೆ ಟೊಂಗಾದ ವವಾಉ ದ್ವೀಪದಿಂದ ಅವಳ ತಂಗಿ ತೋಕಿಲುಪೆಯ ಫೋನು. "ಭಾವ, ಅಕ್ಕನ್ನ ನಾನ್ ಕರ್ಕೊಂಡು ಬಂದ್ಬಿಡ್ತೀನಿ. ನೀವು ಏರ್‌ಪೋರ್ಟಲ್ಲಿ ಸೂಟ್‌ಕೇಸ್ ಎತ್ತಿ ಎಸೆದೋರು. ಮನುಷ್ಯರನ್ನ ನೋಡ್ಕೊಳೋದು ನಿಮ್ ಕೈಲಾಗಲ್ಲ. ಅವಳಂದಿದ್ದು ಒಂದಾದ್ರೂ ನಿಮಗೆ ಅರ್ಥ ಆಗುತ್ತಾ?"

ಅರ್ಥ ಆಗಲ್ಲ ಅಂದೆ. ಮೇ ಹತ್ತಕ್ಕೆ ನಮ್ಮ ಮಗಳು ವಿಕಾಗೆ ನರ್ಸಿಂಗ್ ಪದವಿ ಕೊಡುತ್ತಾರೆ. ಅದಕ್ಕೆ ತೋಕಿ ಬರುತ್ತಾಳೆ, ಅದು ಮುಗಿದ ಮೇಲೆ ಸೆಲುವನ್ನು ಕರೆದುಕೊಂಡು ಹೋಗುತ್ತಾಳೆ. ಹೂಂ ಅಂದೆ. ಹೂಂ ಅಂದ ಮೇಲೆ ಎದೆ ಹಗುರಾಯಿತು. ನನಗೆ ನಾನೇ ಸುಳ್ಳು ಯಾಕೆ ಬರೆದುಕೊಳ್ಳಲಿ?

ಏಪ್ರಿಲ್ 5, ಶುಕ್ರವಾರ

ಬೆಳಗ್ಗೆಯಿಂದ ಒಂದೇ ಸಮ ಲೋಲೆ, ಲೋಲೆ. ನೀರು ಕೊಟ್ಟರೆ ಬೇಡ. ಹೊದಿಕೆ ಹೊದಿಸಿದರೆ ಕಿತ್ತೆಸೆದಳು. ಟಿವಿ ಹಾಕಿದರೆ ಕಣ್ಣು ಮುಚ್ಚಿಕೊಂಡಳು. ಕಡೆಗೆ ಮೂಲೆಯಂಗಡಿಗೆ ಹೋಗಿ ಮಿಠಾಯಿಯ ದೊಡ್ಡ ಪೊಟ್ಟಣವನ್ನೇ ತಂದು ಅವಳ ಕೈಗಿಟ್ಟೆ. ನನ್ನ ಮುಖವನ್ನು ಸ್ವಲ್ಪ ಹೊತ್ತು ನೋಡಿದಳು. ಆಮೇಲೆ ಪೊಟ್ಟಣವನ್ನು ನನಗೇ ಬೀಸಿ ಒಗೆದಳು. ಬಲಗೈ ಬಿದ್ದುಹೋಗಿದೆ, ಆದರೆ ಎಡಗೈಯ ಗುರಿ ಚೆನ್ನಾಗಿದೆ.

ಸಂಜೆ ವಿಕಾ ಬಂದಳು. ಅಮ್ಮನ ತಲೆ ಬಾಚುತ್ತಾ, "ಅಪ್ಪ, ಪದವಿ ದಿನದ ಹಾರದ ಗೋಜಿಗೆ ಹೋಗ್ಬೇಡ. ಶನಿವಾರದ ಸಂತೇಲಿ ರೆಡಿಮೇಡ್ ಸಿಗುತ್ತೆ. ನಾನೇ ಎರಡು ತಗೋತೀನಿ" ಅಂದಳು.

ನಾನು ಆಗಲಿ ಅನ್ನುವಷ್ಟರಲ್ಲಿ ಸೆಲು "ಲೋಲೆ!" ಎಂದು ಕೂಗಿದ್ದಕ್ಕೆ ಪಕ್ಕದ ಮನೆಯ ನಾಯಿ ಬೊಗಳಿತು. ಊರುಗೋಲು ಹಿಡಿದು ಎದ್ದಳು. ಬಿದ್ದರೇನು ಗತಿ ಎಂದು ನಾವಿಬ್ಬರೂ ಹಿಂದೆಯೇ ಓಡಿದೆವು. ಪಡಸಾಲೆಯಲ್ಲಿರುವ ಅವಳ ಬೀರುವಿನ ಮುಂದೆ ನಿಂತು ಬಾಗಿಲಿಗೆ ಕೋಲಿನಿಂದ ಬಡಿದಳು.

"ಅಮ್ಮಂಗೆ ಏನೋ ಬೇಕು ಕಣಪ್ಪ."

"ಮಿಠಾಯಿ ಅಲ್ಲ ಅನ್ನೋದೊಂದು ನಂಗೆ ಗೊತ್ತಾಗಿದೆ" ಅಂದೆ.

ಏಪ್ರಿಲ್ 6, ಶನಿವಾರ

ಆ ಬೀರುವಿನಲ್ಲಿ ಬಟ್ಟೆಯಿದೆ ಎಂದುಕೊಂಡಿದ್ದೆ. ಬಟ್ಟೆಯೂ ಇತ್ತು, ಆದರೆ ಉಡುವಂಥದ್ದಲ್ಲ. ಹರಿದ ಪರದೆಯ ಅಂಚುಗಳನ್ನು ಸುರುಳಿ ಸುತ್ತಿ ಇಟ್ಟಿದ್ದಾಳೆ. ಚಿಪ್ಸ್ ಪೊಟ್ಟಣಗಳನ್ನು ತೊಳೆದು, ಒಳಗಿನ ಬೆಳ್ಳಿ ಹೊರಗೆ ಬರುವಂತೆ ತಿರುವಿ, ಇಸ್ತ್ರಿ ಮಾಡಿದ ಹಾಗೆ ಮಡಚಿದ್ದಾಳೆ. ಈರುಳ್ಳಿ ಬರುವ ಕೆಂಪು ಬಲೆ, ಬ್ರೆಡ್ಡಿನ ಚೀಲ, ಮೊಟ್ಟೆಯ ಟ್ರೇ, ಊರವರೆಲ್ಲರ ಮದುವೆಯ ಉಡುಗೊರೆಗಳಿಂದ ಬಿಚ್ಚಿಕೊಂಡ ರಿಬ್ಬನ್ನು. ಇಷ್ಟು ವರ್ಷ ಒಂದೇ ಮನೆಯಲ್ಲಿದ್ದು ನಾನು ಇದನ್ನು ನೋಡೇ ಇರಲಿಲ್ಲ. ವಿಕಾ ನಗಲು ಶುರುಮಾಡಿ ಅರ್ಧಕ್ಕೇ ಅಳುಮುಖ ಮಾಡಿದಳು.

ಎಲ್ಲವನ್ನೂ ಊಟದ ಮೇಜಿಗೆ ತಂದು ಸುರಿಯಬೇಕಾಯಿತು. ಸೆಲು ನನ್ನ ತೋಳು ಹಿಡಿದು ಎಳೆದು ಕೂರಿಸಿದಳು. ಮೊದಲು ನನ್ನ ಕೈ ತೋರಿಸಿದಳು, ಆಮೇಲೆ ತನ್ನ ಸತ್ತ ಬಲಗೈ ತೋರಿಸಿದಳು. "ಲೋಲೆ."

"ನಿನ್ನ ಕೈ ತನ್ನ ಕೈಯಾಗಬೇಕಂತೆ" ಎಂದಳು ವಿಕಾ.

"ಈ ಕೈಲಿ ಹಾರ ಆಗುತ್ತೇನೇ? ನೋಡು, ಒಂದೊಂದು ಬೆರಳೂ ಬಾಳೆಕಾಯಿ ಥರ ಇದೆ."

"ನಾನೇ ಕೊಂಡ್ಕೋತೀನಿ ಅಂದ್ರೆ ಅಮ್ಮ ಬಿಡ್ಬೇಕಲ್ಲ" ಎನ್ನುತ್ತಾ ಅವಳು ಡ್ಯೂಟಿಗೆ ಹೊರಟಳು. ಹೊರಟವರದು ಸುಖ.

ಏಪ್ರಿಲ್ 9, ಮಂಗಳವಾರ

ವಿಧಾನ ಇಷ್ಟೇ. ಅಡುಗೆಮನೆಯ ತೆಳು ಪ್ಲಾಸ್ಟಿಕ್ ಹಾಳೆಯನ್ನು ಮೇಜಿನುದ್ದಕ್ಕೂ ಹಾಸಬೇಕು. ಮಿಠಾಯಿಗಳನ್ನು ಗೇಣಿಗೊಂದರಂತೆ ಇಡಬೇಕು. ಚಾಪೆ ಸುತ್ತಿದ ಹಾಗೆ ಸುತ್ತಿ, ಒಂದೊಂದು ಮಿಠಾಯಿಯ ಆಚೆ ಈಚೆ ರಿಬ್ಬನ್ ಬಿಗಿಯಬೇಕು. ರಿಬ್ಬನ್ನಿನ ತುದಿಯನ್ನು ಕತ್ತರಿಯ ಬೆನ್ನಿನ ಮೇಲೆ ಎಳೆದರೆ ಗುಂಗುರಾಗುತ್ತದೆ. ನೋಡಿದರೆ ಮಕ್ಕಳಾಟ.

ಪ್ಲಾಸ್ಟಿಕ್ ಹಾಳೆ ನನ್ನ ಮೊಣಕೈಗೆ ಅಂಟಿತು, ಹಾಳೆ ಹಾಳೆಗೇ ಅಂಟಿತು, ಗಡ್ಡಕ್ಕೂ ಅಂಟಿತು. ಗಂಟು ಬಿಗಿದರೆ ರಿಬ್ಬನ್ ಹರಿಯುತ್ತದೆ, ಸಡಿಲ ಬಿಟ್ಟರೆ ಮಿಠಾಯಿ ಜಾರಿ ಎಲ್ಲ ಒಂದೇ ಕಡೆ ಹೋಗಿ ಗುಂಪುಗೂಡುತ್ತವೆ. ಸೆಲು ನೋಡುತ್ತಾ ಕೂತಿದ್ದಳು. ಲೋಲೆ ಅಂದಳು. ಏನೆಂದು ತಿಳಿಯಲಿಲ್ಲ. ಬೈದದ್ದು ಅಂತ ಇಟ್ಟುಕೊಳ್ಳೋಣ.

ಏಪ್ರಿಲ್ 13, ಶನಿವಾರ

ಇವತ್ತು ಮೊದಲ ಹಾರ ಮುಗಿಯಿತು! ಬ್ರೆಡ್ಡಿನ ನೀಲಿ ಚೀಲಗಳನ್ನು ಉದ್ದುದ್ದ ಪಟ್ಟಿ ಕತ್ತರಿಸಿ ರಿಬ್ಬನ್ ಮಾಡಿದೆ, ನಡುನಡುವೆ ಪರದೆಯ ಬಿಳಿ ಅಂಚಿನಿಂದ ಹೂವು. ನೀಲಿ ಬಿಳುಪು. ಊರಲ್ಲಿ ನಾನು ಓದಿದ ಶಾಲೆಯ ಬಣ್ಣ. ನನಗೇ ಕಣ್ಣು ತುಂಬಿಬಂತು. ಸೆಲುವಿನ ಮುಂದೆ ಹಿಡಿದೆ. "ಲೋಲೆ ಲೋಲೆ ಲೋಲೆ!" ಎಂದು ಕುರ್ಚಿಯಲ್ಲೇ ಕುಣಿದಳು. ಅಷ್ಟು ಖುಷಿಯಾಗಿದ್ದನ್ನು ಈ ಕಾಯಿಲೆ ಬಂದ ಮೇಲೆ ನೋಡಿರಲಿಲ್ಲ.

ಏಪ್ರಿಲ್ 14, ಭಾನುವಾರ

ಚರ್ಚಿನ ಬ್ಯಾಂಡಿನಲ್ಲಿ ತುತ್ತೂರಿ ಊದಿ ಮನೆಗೆ ಬಂದು ನೋಡಿದರೆ ಹಾರ ಚಿಂದಿಯಾಗಿದೆ. ಎಡಗೈಯಲ್ಲಿ ಎಳೆದು, ಬಾಯಲ್ಲಿ ಕಚ್ಚಿ ಹರಿದಿದ್ದಾಳೆ. ಮಡಿಲ ತುಂಬ ಮಿಠಾಯಿ. ಅವಳನ್ನು ನೋಡಿಕೊಳ್ಳಲು ಕೂತಿದ್ದ ಪಕ್ಕದ ಮನೆಯ ಸಿಸಿಲಿಯಾ ಹೆದರಿ ಬಾಗಿಲಲ್ಲಿ ನಿಂತಿದ್ದಳು.

ನನಗೆ ಎಲ್ಲಿಲ್ಲದ ಸಿಟ್ಟು ಬಂತು. "ನಿಂಗೇನು ಹುಚ್ಚು ಹಿಡಿದಿದ್ಯಾ? ವಾರ ಪೂರ್ತಿ ಬೆರಳು ಕೊಯ್ಕೊಂಡು ಮಾಡಿದ್ದೀನಿ!"

ಅವಳು ನನಗಿಂತ ಜೋರು. "ಲೋಲೆ! ಲೋಲೆ!" ಈರುಳ್ಳಿಯ ಕೆಂಪು ಬಲೆಯನ್ನು ಎತ್ತಿ ನನ್ನ ಮೂಗಿನ ಮುಂದೆ ಆಡಿಸಿದಳು, ಆಮೇಲೆ ಗೋಡೆಯ ಮೇಲಿನ ಅವಳಪ್ಪನ ಫೋಟೋ ಕಡೆಗೆ ಬೀಸಿದಳು. ಫೋಟೋದಲ್ಲಿ ಮಾವ ಎದೆಯುಬ್ಬಿಸಿ ನಿಂತಿದ್ದಾರೆ, ಕೊರಳಲ್ಲಿ ಕೆಂಪು ಟೈ. ಅವರ ಶಾಲೆಯ ಟೈ.

ಆಗ ಹೊಳೆಯಿತು. ನಾನು ನೀಲಿ ಶಾಲೆಯವನು, ಅವಳ ಮನೆಯೆಲ್ಲ ಕೆಂಪು ಶಾಲೆ. ಈ ಎರಡು ಶಾಲೆಯವರು ರಗ್ಬಿ ಪಂದ್ಯದ ದಿನ ಒಂದೇ ಬಸ್ಸಿಗೆ ಹತ್ತುವುದಿಲ್ಲ. ನಮ್ಮ ಮದುವೆಯಲ್ಲಿ ಮಾವ ನನ್ನ ಕೈ ಕುಲುಕಿ ಮೊದಲು ಹೇಳಿದ ಮಾತೇ, "ಹುಡುಗ ಒಳ್ಳೆಯವನೇ, ಬಣ್ಣ ಸರಿಯಿಲ್ಲ." ಅವರ ಮೊಮ್ಮಗಳು ಪದವಿ ತೆಗೆದುಕೊಳ್ಳುವ ದಿನ ಅವಳನ್ನು ನೀಲಿಯಲ್ಲಿ ಮುಳುಗಿಸಲು ಹೊರಟಿದ್ದೆ, ಅದೂ ಅವರ ಮಗಳಿಗೆ ಬಾಯಿಲ್ಲದ ಹೊತ್ತು ನೋಡಿಕೊಂಡು!

ನಗು ತಡೆಯಲಾಗಲಿಲ್ಲ. ಅವಳಿಗೂ ಬಂತು. ಅರ್ಧ ಬಾಯಿಯಲ್ಲೇ ನಕ್ಕಳು. ಸಿಸಿಲಿಯಾ ಇಬ್ಬರಿಗೂ ತಲೆ ಕೆಟ್ಟಿದೆ ಎಂದುಕೊಂಡು ಮನೆಗೆ ಹೋದಳು.

ಬಹಳ ಹೊತ್ತು ಚೌಕಾಸಿ ನಡೆಯಿತು. ಒಂದು ಕೆಂಪು, ಒಂದು ನೀಲಿ, ಒಂದು ಕೆಂಪು, ಒಂದು ನೀಲಿ ಎಂದು ತೀರ್ಮಾನವಾಯಿತು. ಕೊರಳ ಮುಂದೆ ನಡುವಿಗೆ ಬರುವುದು ಮಾತ್ರ ಕೆಂಪೇ ಆಗಬೇಕಂತೆ. ಒಪ್ಪಿದೆ. ಊರಲ್ಲಿ ಇಂಥ ಹಾರ ಹಾಕಿಕೊಂಡು ಹೋದರೆ ಎರಡೂ ಕಡೆಯವರು ಅಟ್ಟಿಸಿಕೊಂಡು ಬರುತ್ತಾರೆ.

ಏಪ್ರಿಲ್ 18, ಗುರುವಾರ

ಗಂಟು ಕೂರುತ್ತಿದೆ. ರಿಬ್ಬನ್ನನ್ನು ಮೊದಲು ಹಲ್ಲಲ್ಲಿ ಹಿಡಿದುಕೋ ಅಂದಳು, ಸರಿಹೋಯಿತು.

ಏಪ್ರಿಲ್ 21, ಭಾನುವಾರ

ಸೆಲುವಿನ ದೂರುಗಳಿಗೆ ಕೊನೆಯಿಲ್ಲ. ಬೆಳ್ಳಿ ಹೂವಿಗೆ ಐದು ಎಸಳು ಸಾಲದು, ಬಡವರ ಮನೆಯ ಹೂವಿನ ಥರ ಇದೆಯಂತೆ. ಸಿಸಿಲಿಯಾ ತನ್ನ ಮೊಮ್ಮಗನಿಗೆ ಅಂಗಡಿಯಿಂದ ರಿಬ್ಬನ್ ತಂದದ್ದನ್ನು ಕಿಟಕಿಯಿಂದ ನೋಡಿ ಅರ್ಧ ಗಂಟೆ ಆಡಿಕೊಂಡಳು. ನಾನು ಕತ್ತರಿ ಹಿಡಿಯುವ ರೀತಿ ನೋಡಿದರೆ ಕುರಿಯ ತುಪ್ಪಟ ಕತ್ತರಿಸುವವನ ನೆನಪಾಗುತ್ತದಂತೆ. ಮಧ್ಯೆ ತನ್ನ ತಾಯಿಯ ಸುದ್ದಿ ಬೇರೆ. ಮಿಠಾಯಿ ಸಿಗದ ಕಾಲದಲ್ಲಿ ಅವರು ಸಮುದ್ರದ ದಂಡೆಯ ಚಿಪ್ಪು ಪೋಣಿಸುತ್ತಿದ್ದರಂತೆ. ಕೇಳಿ ಕೇಳಿ ನನ್ನ ಕಿವಿ ನೊಂದಿತು. ಇವಳ ಬಾಯಿಗೊಂದು ಬೀಗ ಹಾಕಬೇಕು.

ಏಪ್ರಿಲ್ 26, ಶುಕ್ರವಾರ

ವಿಕಾಗೆ ಉಡುಗೊರೆ ತಂದೆ. ನರ್ಸುಗಳು ಎದೆಗೆ ತೂಗುಹಾಕಿಕೊಳ್ಳುವ ಗಡಿಯಾರ. ಅಂಗಡಿಯವನು ಹೊಳೆಯುವ ಕಾಗದ ಸುತ್ತಿ ಕೊಡುತ್ತೇನೆಂದ. ಬೇಡ ಎಂದು ಬರಿಯ ಡಬ್ಬಿಯನ್ನೇ ತಂದೆ. ಸುತ್ತಿಸಿಕೊಂಡು ಬಂದಿದ್ದರೆ ಮನೆಯಲ್ಲಿ ಯಾರು ಬೈಸಿಕೊಳ್ಳುವುದು?

ಯಾವುದರಲ್ಲಿ ಸುತ್ತುವುದು ಎಂದು ಕೇಳಿದೆ. ಸೆಲು ನನ್ನ ಬಟ್ಟೆಯ ಪೆಟ್ಟಿಗೆ ತೆಗೆಸಿದಳು. ಎಲ್ಲಕ್ಕಿಂತ ಕೆಳಗಿದ್ದ ನನ್ನ ಏರ್‌ಪೋರ್ಟಿನ ಹಳೆಯ ಅಂಗಿಯನ್ನು ಎಳೆದಳು.

"ಅದು ಬೇಡ ಕಣೇ. ಕಾಲರ್ ನೋಡು, ಬೆವರಿನ ಕಲೆ."

ಕಲೆ ಇರುವುದಕ್ಕೇ ಬೇಕು ಅಂದಳು. ಈ ಅಂಗಿಯ ಬೆವರಿನಲ್ಲೇ ತಾನೆ ಮಗಳು ಓದಿದ್ದು?

ಕತ್ತರಿಸಲು ಮನಸ್ಸೇ ಬರಲಿಲ್ಲ. ಅವಳೇ ಎಡಗೈಯಲ್ಲಿ ಕತ್ತರಿ ಹಿಡಿದು ಶುರುಮಾಡಿದಳು, ಸೊಟ್ಟಂಪಟ್ಟ ಹೋಯಿತು. ನಾನು ಬಟ್ಟೆ ಎಳೆದು ಹಿಡಿದೆ. ಗುಂಡಿಯ ಸಾಲು ಹಾಗೇ ಉಳಿಯುವಂತೆ ಎದೆಯ ಭಾಗ ಕತ್ತರಿಸಿ, ಮೂರು ಕಡೆ ಹೊಲಿದರೆ ಒಂದು ಚೀಲವಾಯಿತು. ಗುಂಡಿ ಬಿಚ್ಚಿದರೆ ಒಳಗೆ ಗಡಿಯಾರ. ಜೇಬಿನ ಮೇಲೆ ಇನ್ನೂ ನನ್ನ ಹೆಸರಿದೆ, ಫೆಲೆತಿ ಅಂತ. ಅದನ್ನು ಮುಂದೆ ಬರುವಂತೆ ತಿರುಗಿಸಿದಳು.

ಹೊಲಿಯುವಾಗ ಸೂಜಿ ಚುಚ್ಚಿ ಎರಡು ಸಲ ಎದ್ದುಹೋದೆ. ಸೂಜಿ ಚುಚ್ಚಿದ್ದಕ್ಕೇ ಎದ್ದುಹೋದದ್ದು ಎಂದು ಅವಳು ನಂಬಿದ ಹಾಗೆ ನಟಿಸಿದಳು.

ಮೇ 2, ಗುರುವಾರ

ಕೆಲವು ದಿನ ಬರೆಯಲಾಗಲಿಲ್ಲ. ಕೂತರೆ ಸಾಕು, ಹಾರ ಕಟ್ಟುವುದು, ಮಾತು, ಮತ್ತೆ ಹಾರ.

ಇವತ್ತು ಮಾತಿನ ಚಿಕಿತ್ಸೆಯ ಹುಡುಗಿ ಬಂದಿದ್ದಳು. ಸೆಲುವಿಗೆ ಚಿತ್ರಗಳನ್ನು ತೋರಿಸಿದಳು, ಬೆಕ್ಕು, ಲೋಟ, ಬೀಗದಕೈ. ಹೊರಡುವಾಗ ನನ್ನನ್ನು ಬಾಗಿಲಾಚೆ ಕರೆದು, "ಬೇಜಾರು ಮಾಡ್ಕೋಬೇಡಿ ಅಂಕಲ್. ಇನ್ನೂ ಒಂದೇ ಪದ ಇದೆ. ಏನೂ ಬದಲಾಗಿಲ್ಲ" ಅಂದಳು.

ಒಂದೇ ಪದವಂತೆ! ಆ ಹುಡುಗಿಯ ಕೆಂಪು ಶೂ ನೋಡಿ ಇವಳು ಆಡಿದ ತಮಾಷೆಯನ್ನು ಅವಳಿಗೆ ಹೇಳಬಾರದೆಂದು ನಾನು ತುಟಿ ಕಚ್ಚಿಕೊಂಡು ನಿಂತಿದ್ದೆ. ಓದಿದವಳು, ಒಳ್ಳೆಯವಳು, ಆದರೆ ಕಿವಿ ಸ್ವಲ್ಪ ಮಂದ.

ಮೇ 7, ಮಂಗಳವಾರ

ತೋಕಿ ಬಂದಳು. ವಿಮಾನ ನಿಲ್ದಾಣದಲ್ಲಿ ಅಕ್ಕನನ್ನು ತಬ್ಬಿಕೊಂಡು ಅತ್ತದ್ದೇ ಅತ್ತದ್ದು. ಸೆಲುವೂ ಅತ್ತಳು. ಮನೆಗೆ ಬಂದವಳೇ ಟಿಕೆಟ್ ತೆಗೆದು ಮೇಜಿನ ಮೇಲಿಟ್ಟಳು. ಮುಂದಿನ ಮಂಗಳವಾರದ ವಿಮಾನ. ಅಕ್ಕನಿಗೆ ಕಿಟಕಿಯ ಪಕ್ಕದ ಸೀಟನ್ನೇ ಕೇಳಿ ತೆಗೆದುಕೊಂಡಿದ್ದಾಳೆ. ಸಮುದ್ರ ಕಾಣುವ ಕೋಣೆಗೆ ಹೊಸ ಬಣ್ಣ ಹೊಡೆಸಿದ್ದಾಳಂತೆ. ಒಳ್ಳೆಯ ಹೆಂಗಸು. ಯಾವ ತಪ್ಪನ್ನೂ ಹುಡುಕಲು ಆಗುವುದಿಲ್ಲ.

ಊಟಕ್ಕೆ ಕೂತಾಗ ಸೆಲು ಲೋಲೆ ಅಂದಳು. ತೋಕಿ ಗಡಿಬಿಡಿಯಿಂದ ನೀರು ಕೊಟ್ಟಳು, ಕರವಸ್ತ್ರ ಕೊಟ್ಟಳು, ಬೆನ್ನಿಗೆ ದಿಂಬಿಟ್ಟಳು.

"ತಂಗಿ ಸಣ್ಣಗಾಗಿದ್ದಾಳೆ, ಅವಳ ತಟ್ಟೆಗೆ ಇನ್ನೊಂದಿಷ್ಟು ಹಾಕು ಅಂತಿದ್ದಾಳೆ" ಅಂದೆ.

ತೋಕಿ ನಕ್ಕುಬಿಟ್ಟಳು. "ಹೋಗಿ ಭಾವ, ನಿಮ್ಮದೊಂದು. ಏನ್ ಬೇಕಾದ್ರೂ ಹೇಳ್ಬಹುದು ಅಂತ ಬಾಯಿಗೆ ಬಂದಿದ್ದು ಹೇಳ್ತೀರಾ."

ತೋಕಿಯ ತಟ್ಟೆಗೆ ನಾನೇ ಇನ್ನೊಂದಿಷ್ಟು ಬಡಿಸಿದೆ. ರಾತ್ರಿಯ ಕೆಸುವಿನ ಗೆಡ್ಡೆ ಸರಿ ಬೆಂದಿರಲಿಲ್ಲವೋ ಏನೋ, ಹೊಟ್ಟೆಯಲ್ಲಿ ಒಂದು ಭಾರ.

ಮೇ 8, ಬುಧವಾರ

ಸೆಲುವಿನ ಬಟ್ಟೆಗಳನ್ನು ತೋಕಿ ಪೆಟ್ಟಿಗೆಗೆ ತುಂಬುತ್ತಿದ್ದಾಳೆ. ಪೆಟ್ಟಿಗೆ ತುಂಬುವುದು ಹೇಗೆಂದು ನನಗಿಂತ ಚೆನ್ನಾಗಿ ಬಲ್ಲವರು ಈ ಊರಲ್ಲಿಲ್ಲ, ಆದರೂ ಸಹಾಯಕ್ಕೆ ಹೋಗಲಿಲ್ಲ. ಹೊಟ್ಟೆ ಇನ್ನೂ ಸರಿಯಿಲ್ಲ.

ಮೇ 10, ಶುಕ್ರವಾರ

ಆಯಿತು. ನನ್ನ ಮಗಳು ನರ್ಸು.

ಹೆಸರು ಕರೆದಾಗ ನಮ್ಮ ಸಾಲಿನವರು ಹಾಕಿದ ಕೂಗಿಗೆ ವೇದಿಕೆಯ ಮೇಲಿದ್ದ ದೊಡ್ಡ ಮನುಷ್ಯರು ಬೆಚ್ಚಿಬಿದ್ದರು. ಹೊರಗೆ ಬಂದ ಮೇಲೆ ಹಾರಗಳ ಸುರಿಮಳೆ. ಸಿಸಿಲಿಯಾಳದು, ಚರ್ಚಿನವರದು, ತೋಕಿ ಊರಿಂದ ತಂದ ಹೂವಿನದು. ವಿಕಾಳ ಕಣ್ಣು ಮಾತ್ರ ಕಾಣುತ್ತಿತ್ತು. ನಮ್ಮದನ್ನು ಕೊನೆಗೆ ಹಾಕಿದೆವು. ಒಂದು ಕಡೆ ನಾನು ಹಿಡಿದೆ, ಇನ್ನೊಂದು ಕಡೆ ಸೆಲು. ಕೆಂಪು, ನೀಲಿ, ಕೆಂಪು, ನೀಲಿ, ನಡುನಡುವೆ ಏಳು ಎಸಳಿನ ಬೆಳ್ಳಿ ಹೂವು. ನೋಡಿದವರೆಲ್ಲ, "ಇದನ್ನ ಯಾರು ಕಟ್ಟಿದ್ದು?" ಎಂದು ಕೇಳಿದವರೇ.

ಯಾರೋ ಮುದುಕ, ಕೆಂಪು ಶಾಲೆಯವನೇ ಇರಬೇಕು, ಹಾರ ಹಿಡಿದು ನೋಡಿ, "ಇದ್ಯಾವ ಅಪಚಾರ ಮಾರಾಯ, ಎರಡನ್ನೂ ಸೇರಿಸಿದ್ದೀಯಲ್ಲ!" ಅಂದ.

ಸೆಲು ಕೊಟ್ಟ ಉತ್ತರವನ್ನು ನಾನು ಅವನಿಗೆ ತಿಳಿಸಲಿಲ್ಲ. ಚರ್ಚಿಗೆ ಬರುವ ಹೆಂಗಸು ಆಡುವ ಮಾತಲ್ಲ ಅದು.

ವಿಕಾ ಅಂಗಿಯ ಚೀಲ ನೋಡಿದಳು. ಜೇಬಿನ ಮೇಲಿನ ಹೆಸರು ನೋಡಿದಳು. ಗುಂಡಿ ಬಿಚ್ಚಲೇ ಇಲ್ಲ, ಹಾಗೇ ಮುಖಕ್ಕೆ ಒತ್ತಿಕೊಂಡು ನಿಂತಳು. ಒಳಗೆ ಗಡಿಯಾರವಿದೆ ಎಂದು ನಾನೇ ಹೇಳಬೇಕಾಯಿತು.

ಮೇ 11, ಶನಿವಾರ

ಮಧ್ಯಾಹ್ನದ ಊಟವಾದ ಮೇಲೆ ತೋಕಿ ಎಲ್ಲರನ್ನೂ ಕೂರಿಸಿದಳು. ಸಿಸಿಲಿಯಾಳೂ ಇದ್ದಳು. ಕೇಳದೆ ಕರೆದುಕೊಂಡು ಹೋದೆ ಅನ್ನಿಸಿಕೊಳ್ಳಬಾರದು, ಅಕ್ಕನನ್ನೇ ಕೇಳಿಬಿಡೋಣ ಅಂದಳು. ಸೆಲುವಿನ ಎದುರಿಗೆ ನೆಲದ ಮೇಲೆ ಕೂತು ಅವಳ ಕೈ ಹಿಡಿದುಕೊಂಡಳು.

"ಅಕ್ಕಾ, ಮಂಗಳವಾರ ನನ್ ಜೊತೆ ಊರಿಗೆ ಬರ್ತೀಯಲ್ವಾ?"

ಸೆಲು ಕಿಟಕಿಯ ಕಡೆ ನೋಡಿದಳು. ಮೆಲ್ಲಗೆ, ಎಳೆದು, "ಲೋಲೆ" ಅಂದಳು.

ತೋಕಿ ಅವಳ ಮುಖ ನೋಡಿದಳು, ವಿಕಾ ನೋಡಿದಳು, ಯಾರಿಗೂ ತಿಳಿಯಲಿಲ್ಲ. ಎಲ್ಲರೂ ನನ್ನ ಕಡೆ ತಿರುಗಿದರು. ಮೊನ್ನೆ ನಕ್ಕಿದ್ದ ತೋಕಿಯೇ ಕೇಳಿದಳು, "ಭಾವ, ಏನಂದ್ಳು?"

ನನಗೆ ಸ್ಪಷ್ಟವಾಗಿ ಕೇಳಿಸಿತ್ತು. ಹೋಗಬೇಕು ಅಂದಳು. ಅಮ್ಮನ ಸಮಾಧಿಯ ಹತ್ತಿರ ಕೂರಬೇಕು, ಆ ನೀರು ನೋಡಬೇಕು ಅಂದಳು. ಬರಲ್ಲವಂತೆ ಎಂದು ನಾನು ಹೇಳಿದ್ದರೆ ಅಲ್ಲಿ ಯಾರೂ ನನ್ನನ್ನು ಹಿಡಿಯುವಂತಿರಲಿಲ್ಲ. ಹೇಳಬೇಕು ಅಂತ ಅನ್ನಿಸಿತು, ತುಂಬ ಅನ್ನಿಸಿತು. ಇವಳಿಲ್ಲದ ಮನೆ ನನಗೆ ಬೇಡ ಎಂದು ಆ ಕ್ಷಣಕ್ಕೆ ಗೊತ್ತಾಯಿತು. ಹೊಟ್ಟೆಯಲ್ಲಿದ್ದ ಭಾರ ಕೆಸುವಿನದಲ್ಲ. ಆದರೆ ಅವಳು ನನ್ನನ್ನೇ ನೋಡುತ್ತಿದ್ದಳು. ಅವಳಾಡಿದ ಮಾತನ್ನು ತಿರುಚಿದರೆ ಅವಳಿಗೆ ಉಳಿದದ್ದೇನು?

"ಬರ್ತಾಳಂತೆ" ಅಂದೆ.

ತೋಕಿ ಅಕ್ಕನ ಕೈಗೆ ಮುತ್ತಿಟ್ಟಳು. ವಿಕಾ ಮುಖ ಆಚೆ ತಿರುಗಿಸಿದಳು. ನಾನು ಎದ್ದು ತಟ್ಟೆಗಳನ್ನು ಎತ್ತತೊಡಗಿದೆ. ಆಗ ಸೆಲು ನನ್ನ ಅಂಗಿಯ ತುದಿ ಹಿಡಿದಳು. "ಲೋಲೆ" ಅಂದಳು. ಇಷ್ಟು ಸಣ್ಣ ದನಿಯಲ್ಲಿ ಅವಳು ಆ ಪದವನ್ನು ಆಡಿದ್ದು ಇದೇ ಮೊದಲು.

"ಇನ್ನೇನೋ ಅಂದ್ಳಲ್ಲಪ್ಪ?" ವಿಕಾ ಕೇಳಿದಳು.

"ಏನಿಲ್ಲ."

"ಹೇಳಪ್ಪ. ಅಮ್ಮ ಕಾಯ್ತಿದ್ದಾಳೆ ನೋಡು."

ಅವಳಂದದ್ದು ಇದು: ನೀನು ಬರದಿದ್ದರೆ ನಾನು ಅಲ್ಲಿ ಮೂಕಿ. ನಾಲ್ಕು ಜನರ ಎದುರು ಅದನ್ನು ಹೇಳಲು ನನ್ನಿಂದಾಗಲಿಲ್ಲ. ಕೈಯಲ್ಲಿದ್ದ ತಟ್ಟೆಗಳನ್ನು ಮೇಜಿನ ಮೇಲಿಟ್ಟೆ.

"ಎರಡು ಟಿಕೆಟ್ ಬೇಕಂತೆ" ಅಂದೆ.